ಮುತ್ಲಾ ದಿಬ್ಬಕ್ಕೆ ಐಸು

ಶುವೈಖಿನ ಐಸ್ ಕಾರ್ಖಾನೆಯಿಂದ ಹೊರಡುವಾಗ ನಲವತ್ತು ಗಟ್ಟಿ,
ಮುತ್ಲಾ ದಿಬ್ಬ ಮುಟ್ಟುವಾಗ ಇಪ್ಪತ್ತೆರಡು.
ಉಳಿದದ್ದನ್ನು ಜಹ್ರಾದ ರಸ್ತೆ ಕುಡಿದಿತ್ತು.
ಲೆಕ್ಕ ಬರೆಯುವವನು ನಾನು, ಗಂಗೊಳ್ಳಿಯ ಸುಕ್ರ ಖಾರ್ವಿ.
ಕರಗಿದ್ದನ್ನು ಎಲ್ಲಿ ತೋರಿಸಲಿ ಎಂದು
ಮೇಸ್ತ್ರಿ ಗುಲಾಂ ರೆಜಾನನ್ನು ಕೇಳಿದರೆ
ಗೋಣಿಚೀಲ ಹಿಂಡುತ್ತಾ ಅಂದ:
ದೇವರ ಖಾತೆಗೆ ಬರಿ.

ಅರವತ್ತೊಂದರ ಜುಲೈ.
ಬಲ್ವರ್ಕ್ ಎಂಬ ಹಡಗಿನಿಂದ ಹಾರಿದ ಹೆಲಿಕಾಪ್ಟರುಗಳು
ದೂಳೆಬ್ಬಿಸಿ ಆ ದೂಳಿನಲ್ಲೇ ಕಾಣೆಯಾಗಿ
ಹಸಿರು ಟೊಪ್ಪಿಯವರನ್ನು ಇಳಿಸಿದವು.
ಅಷ್ಟು ಹಸಿರನ್ನು ಕುವೈತಿನಲ್ಲಿ
ಒಟ್ಟಿಗೆ ನಾನು ಕಂಡದ್ದು ಅದೇ ಮೊದಲು.
ಉತ್ತರದಿಂದ ಟ್ಯಾಂಕು ಬರುತ್ತದೆಂದು
ಕಾದ ಕಲ್ಲಿನಲ್ಲಿ ಕುಳಿ ತೋಡಿ ಕಾದರು.
ಬಂದದ್ದು ಗಾಳಿ.
ಮೂರು ದಿನ ಮರಳು ತಿನ್ನಿಸಿದ ಗಾಳಿ.
ಗುಂಡು ಹಾರದೆಯೇ ಹುಡುಗರು ಬಿದ್ದರು.

ಮೀನಿಗೆ ಐಸು ಹೊದಿಸಿ ಬೆಳೆದ ಕೈ ನನ್ನದು,
ಒಂದು ಪದರ ಬಂಗುಡೆ, ಒಂದು ಪದರ ಐಸು.
ಈಗ ಡೇರೆಯೊಳಗೆ ಟಾರ್ಪಾಲಿನ ಮೇಲೆ
ಕುತ್ತಿಗೆಗೆ ಒಂದು ಚೂರು, ಕಂಕುಳಿಗೆ ಒಂದು,
ತೊಡೆಯ ಸಂದಿಗೆ ನಾಚುತ್ತಾ ಇನ್ನೊಂದು.
ಸತ್ತದ್ದು ಕೆಡದಿರಲಿ ಎಂದಲ್ಲ, ಇರುವುದು ಸಾಯದಿರಲಿ ಎಂದು.
ಕೈಗೆ ಆ ವ್ಯತ್ಯಾಸ ತಿಳಿಯಲು
ಎರಡು ದಿನ ಹಿಡಿಯಿತು.

ಸಾರ್ಜೆಂಟ್ ಪೆಂಗೆಲಿಗೆ ನನ್ನ ಹೆಸರು ನಾಲಿಗೆಗೆ ಹತ್ತಲಿಲ್ಲ.
ಐಸ್, ಇಧರ್ ಆವ್, ಅನ್ನುತ್ತಿದ್ದ.
ಆ ಹರಕು ಹಿಂದೂಸ್ತಾನಿ ಎಲ್ಲಿಯದು ಎಂದರೆ
ಬೆರಳಿನಿಂದ ಮರಳಿನಲ್ಲಿ ಗೆರೆ ಎಳೆದ:
ನೆಲ ಬಿಟ್ಟು ಎದ್ದ ಬೇರು, ಬೇರಿನ ಮೇಲೆ ಮರ.
ಕಾಂಡ್ಲಾ! ಅಂದೆ.
ಬರ್ಮಾ, ಅಂದ ಅವನು.
ಕಂಗಾವ್. ನಲವತ್ತೈದರ ಜನವರಿ. ಇದೇ ನಲವತ್ತೆರಡನೇ ಪಡೆ.
ಕೆಸರು ಎಲ್ಲಿವರೆಗೆ ಎಂದು
ಮೊಣಕಾಲು ತೋರಿಸಿದ, ಸೊಂಟ ತೋರಿಸಿದ,
ಆಮೇಲೆ ಪಕ್ಕದಲ್ಲಿ ಯಾರೂ ಇಲ್ಲದ ಕಡೆ
ಒಬ್ಬನ ಗಲ್ಲದ ಎತ್ತರಕ್ಕೆ ಕೈ ಹಿಡಿದು
ಹಾಗೇ ನಿಲ್ಲಿಸಿದ.

ಆ ಜನವರಿಯಲ್ಲಿ ನನಗೆ ಎಂಟು.
ಕಾಂಡ್ಲಾ ಬೇರಿನ ಸಂದಿಯಲ್ಲಿ ಏಡಿ ಹುಡುಕುತ್ತಿದ್ದೆ.
ಇಳಿತದ ಹೊತ್ತಿನ ಆ ಕೊಳೆತ ವಾಸನೆ
ಹನಿ ನೀರಿಲ್ಲದ ದಿಬ್ಬದ ಮೇಲೆ
ನಮ್ಮಿಬ್ಬರ ಮೂಗಿಗೂ ಬಂತು. ಆಣೆ.

ಕೊನೆಯ ದಿನ ರಸೀದಿ ಚಾಚಿದೆ.
ಇಪ್ಪತ್ತೆರಡು ಎಂದು ನಾನು ಬರೆದದ್ದಕ್ಕೆ ಗೆರೆ ಹೊಡೆದು
ನಲವತ್ತು ಎಂದು ಬರೆದು ಸಹಿ ಹಾಕಿದ.
ಕರಗಿತಲ್ಲ ಸಾಬ್, ಅಂದೆ.
ಹೊರಟಿತ್ತಲ್ಲ, ಅಂದ.

ಮತ್ತೆ ನಲವತ್ತೆರಡು ವರ್ಷಕ್ಕೆ, ಎರಡು ಸಾವಿರದ ಮೂರರಲ್ಲಿ,
ಜಹ್ರಾದ ನನ್ನ ಬಕಾಲದ ಮುಂದೆ ಜೀಪು ನಿಂತಿತು.
ಟೊಪ್ಪಿ ಮಡಚಿ ಭುಜಪಟ್ಟಿಗೆ ಸಿಕ್ಕಿಸಿದ ಹುಡುಗ,
ಮೂಗಿನ ಸಿಪ್ಪೆ ಆಗಲೇ ಸುಲಿದಿತ್ತು.
ಯಾವ ಪಡೆ ಎಂದೆ. ಹೇಳಲಿಲ್ಲ, ಹೇಳಬಾರದಂತೆ.
ಪೆಂಗೆಲಿ ಎಂದೆ. ನಕ್ಕ, ಗೊತ್ತಿಲ್ಲ.
ಐಸು ಬೇಡ, ನಮ್ಮಲ್ಲಿ ಫ್ರಿಜ್ ಇದೆ,
ಬಬಲ್ ಗಮ್ ಉಂಟೇ?
ಕೊಟ್ಟೆ. ದುಡ್ಡು ಸರಿಯಾಗಿ ಎಣಿಸಿ ಇಟ್ಟ.

ಆ ರಾತ್ರಿ ತಾರಸಿಯ ಮೇಲೆ
ಫಾವ್ ಕಡೆಗೆ ಹಾರುವ ಸದ್ದುಗಳನ್ನು
ಹಳೇ ಚಟಕ್ಕೆ ಬಿದ್ದು ಎಣಿಸುತ್ತಾ ಕೂತೆ.
ಒಂದು ಗಡಿ ದಾಟುವ ಮೊದಲೇ ಬಿತ್ತೆಂದು
ಬೆಳಿಗ್ಗೆ ರೇಡಿಯೊ ಹೇಳಿತು.
ಆಚೆ ಖರ್ಜೂರದ ತೋಟದವರದ್ದು
ಯಾರು ಬರೆದಿಡುತ್ತಾರೋ, ಆ ಪುಸ್ತಕ ನಾನು ನೋಡಿಲ್ಲ.

ಅಂಗಡಿ ತೆರೆದೆ.
ಉದ್ರಿ ಪುಸ್ತಕದ ಹಿಂದಿನ ಹಾಳೆಯಲ್ಲಿ
ಹೊರಟದ್ದು ಇಷ್ಟು ಎಂದು ಬರೆದೆ.
ಸಹಿಯ ಜಾಗ ಹಾಗೇ ಇದೆ.